ಬಣ್ಣ ಕಳಚಿದ ಮೇಲೂ ಸತ್ಯಭಾಮೆ

ಬನಶಂಕರಿ ಜಾತ್ರೆಯಲ್ಲಿ ಪ್ರತಿವರ್ಷ ವೃತ್ತಿ ನಾಟಕ ಕಂಪನಿಗಳು ಬೀಡುಬಿಡುತ್ತವೆ. ಬಾದಾಮಿ, ಕಲಾದಗಿ, ಇಳಕಲ್ ಸೀಮೆಯ ಜನ ಕಿಕ್ಕಿರಿದು ನೋಡುವ ಈ ಬಗೆಯ ನಾಟಕಗಳ ಹಾಸ್ಯಭಾಗದಲ್ಲಿ, ಕೈ ತಿರುವುತ್ತ ಸೊಂಟ ಬಳುಕಿಸುತ್ತ ಬರುವ 'ಹೆಣ್ಣಿಗ' ಚಿರಪರಿಚಿತ. ಅವನಿಗೆ ಕಥೆಯಿಲ್ಲ, ದುಃಖವಿಲ್ಲ. ಬೈಸಿಕೊಂಡು ನಗಿಸುವುದಷ್ಟೇ ಅವನ ಕೆಲಸ.

ವಿಚಿತ್ರವೆಂದರೆ, ಗಂಡಸು ಸೀರೆ ಉಡುವುದನ್ನು ಈ ಸೀಮೆ ಎಂದೂ ಅಪಹಾಸ್ಯವೆಂದು ಭಾವಿಸಿರಲಿಲ್ಲ. ಹಾಡಿನಲ್ಲೇ ನಡೆಯುವ ಶ್ರೀಕೃಷ್ಣ ಪಾರಿಜಾತದಲ್ಲಿ ಸತ್ಯಭಾಮೆ ಬಹುಕಾಲ ಪುರುಷನೇ. ಕೌಜಲಗಿ ನಿಂಗಮ್ಮನಂಥವರು ಬಂದ ಮೇಲೆ ಹೆಣ್ಣಿಗೂ ಆ ರಂಗ ತೆರೆಯಿತು. 2017ರಲ್ಲಿ ನಿಧನರಾದ ಏಣಗಿ ಬಾಳಪ್ಪನವರೂ ಎಳವೆಯಲ್ಲಿ ಸ್ತ್ರೀಪಾತ್ರಗಳಿಂದ ಹೆಸರಾದವರು. ಆದರೆ ಇದನ್ನು ಲೈಂಗಿಕ ಅಲ್ಪಸಂಖ್ಯಾತರ ಪ್ರಾತಿನಿಧ್ಯವೆಂದು ಕರೆಯುವ ಆತುರ ಬೇಡ. ಅಲ್ಲಿ ಸಂದ ಗೌರವ ವೇಷಕ್ಕೆ. ಬಣ್ಣ ಕಳಚಿದ ಮೇಲೂ ಹೆಣ್ಣಾಗಿಯೇ ಉಳಿಯಬಯಸಿದವರಿಗೆ ಅದೇ ರಂಗ ಬಾಗಿಲು ಹಾಕಿತು.

ಅವರಿಗೆ ಉಳಿದದ್ದು ಎಲ್ಲಮ್ಮನ ಆಸರೆ. ತಲೆಯ ಮೇಲೆ ಕೊಡ ಹೊತ್ತು, ಚೌಡಿಕೆಯ ನಾದಕ್ಕೆ ಕುಣಿದ ಜೋಗತಿಯರು ದೇವಿಯ ಕಥೆಯನ್ನೇ ನಾಟಕವಾಡಿದರು. ಆ ಪರಂಪರೆಯಿಂದ ಬಂದ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು. 2021ರ ಪದ್ಮಶ್ರೀ ಅವರಿಗೆ ಸಂದಿತು. ಎಲ್ಲಮ್ಮನಾಟಕ್ಕೆ ಕೈಮುಗಿಯುವವರೂ ಕಂಪನಿ ನಾಟಕಕ್ಕೆ ಟಿಕೆಟು ಕೊಳ್ಳುವವರೂ ಬೇರೆ ಬೇರೆ ಜನರೇನಲ್ಲ. ಪ್ರೇಕ್ಷಕರು ಒಪ್ಪುವುದಿಲ್ಲವೆಂಬ ಮಾಲೀಕರ ವಾದ ಇಲ್ಲಿಯೇ ಸಡಿಲಗೊಳ್ಳುತ್ತದೆ.

ಹಳೆಯ ಕೃತಿಯನ್ನು ಮುಟ್ಟಬಾರದೆಂಬ ಮಡಿ ಬೇರೆಡೆಯೂ ಇತ್ತು. ಅಮೆರಿಕದ ಸ್ಟೀಫನ್ ಸೋಂಡ್‌ಹೈಮ್ ಅವರ 1970ರ ಗೀತನಾಟಕದ ಹೆಸರೇ 'ಕಂಪನಿ' (ನಮ್ಮ ಕಂಪನಿಗೂ ಅದಕ್ಕೂ ನಂಟಿಲ್ಲ). 2018ರಲ್ಲಿ ಲಂಡನ್ನಿನಲ್ಲಿ ಅದು ಮತ್ತೆ ರಂಗಕ್ಕೆ ಬಂದಾಗ ಮದುವೆಗೆ ಹೆದರುವ ವಧುವಿನ ಜಾಗದಲ್ಲಿ ಒಬ್ಬ ವರ ನಿಂತ. ಅವನು ಕೈಹಿಡಿಯಬೇಕಾದದ್ದೂ ಗಂಡಸನ್ನೇ. ಜನ ನಕ್ಕರು, ಆದರೆ ಆ ಜೋಡಿಯನ್ನು ಕಂಡಲ್ಲ, ಮದುವೆಯ ಭಯವನ್ನು ಕಂಡು.

ಪಾರಿಜಾತಕ್ಕೆ ಇಷ್ಟು ಬದಲಾವಣೆಯೂ ಬೇಕಿಲ್ಲ. ಮೇಳವೊಂದು ಜೋಗತಿ ಕಲಾವಿದೆಯನ್ನು ಸತ್ಯಭಾಮೆಯ ಪಾತ್ರಕ್ಕೆ ಕರೆದರೆ ಒಂದು ಪದವನ್ನೂ ತಿದ್ದಬೇಕಾಗದು. ಹೂವು ಸವತಿಗೆ ಸಂದಿತೆಂದು ಮುನಿಯುವ ಆ ಹೆಣ್ಣಿನ ಅಳಲು, ಪಾಲು ತಪ್ಪಿಸಿಕೊಂಡೇ ಬದುಕಿದವರ ಕಂಠಕ್ಕೆ ಹೊಸದಲ್ಲ. ಮೇಳಗಳಿಗೆ ಧನಸಹಾಯ ನೀಡುವ ಸಂಸ್ಕೃತಿ ಇಲಾಖೆ ಈ ದಿಸೆಯಲ್ಲಿ ಮೊದಲ ಪ್ರಯೋಗಕ್ಕೆ ನೆರವಾಗಬಹುದು. ಕಂಪನಿ ಮಾಲೀಕರಿಗೆ ಮಾತ್ರ ಹಾಸ್ಯದ ನಾಲ್ಕು ಪುಟ ಹೊಸದಾಗಿ ಬರೆಸುವ ಖರ್ಚಿದೆ.