ಬೇಕಾಗಿರುವುದು ಗ್ಯಾಸ್ ಅಲ್ಲ, ಗಮನ

ಕಳೆದ ಬೇಸಿಗೆಯಲ್ಲಿ ಹಳೆಯ ಮಿತ್ರರೊಬ್ಬರು ದೂರವಾಣಿ ಮಾಡಿ, ತಮ್ಮ ಕಚೇರಿಯ ಹವಾನಿಯಂತ್ರಣ ವ್ಯವಸ್ಥೆ ಕೈಕೊಟ್ಟಿದೆಯೆಂದೂ ಒಮ್ಮೆ ಬಂದು ನೋಡಬೇಕೆಂದೂ ಕೇಳಿಕೊಂಡರು. ಬೆಂಗಳೂರಿನ ಜಯನಗರದ ವಾಣಿಜ್ಯ ಕಟ್ಟಡವೊಂದರ ನಾಲ್ಕನೆಯ ಮಹಡಿಯಲ್ಲಿ ಅವರ ಲೆಕ್ಕಪರಿಶೋಧನಾ ಕಚೇರಿಯಿದೆ. ಎರಡು ತಿಂಗಳಲ್ಲಿ ಮೂರು ಬಾರಿ ‘ಗ್ಯಾಸ್’ ತುಂಬಿಸಿದ್ದರು. ಪ್ರತಿ ಬಾರಿಯೂ ಒಂದೆರಡು ದಿನ ತಂಪು ಬಂದಂತಾಗಿ ಮತ್ತೆ ಅದೇ ಸೆಕೆ. ಈಗ ಗುತ್ತಿಗೆದಾರ ಸಂಸ್ಥೆ ಕಂಪ್ರೆಸರನ್ನೇ ಬದಲಿಸಬೇಕೆಂದು ಅಂದಾಜು ಪಟ್ಟಿ ಕಳುಹಿಸಿತ್ತು. ದೊಡ್ಡ ಕಟ್ಟಡಗಳ ಹವಾನಿಯಂತ್ರಣ ಸ್ಥಾವರಗಳನ್ನು ಮೂವತ್ತು ವರ್ಷ ನೋಡಿಕೊಂಡು ನಿವೃತ್ತನಾದ ನನಗೆ ಅಂದಾಜು ಪಟ್ಟಿಗಿಂತ ‘ಮೂರು ಬಾರಿ’ ಎಂಬ ಮಾತೇ ಹೆಚ್ಚು ಕಳವಳ ಹುಟ್ಟಿಸಿತು.

ಏಕೆಂದರೆ ಹವಾನಿಯಂತ್ರಕದೊಳಗಿನ ಶೀತಕ ಅನಿಲ ವಾಹನದ ಪೆಟ್ರೋಲಿನಂತೆ ಉರಿದು ತೀರುವ ವಸ್ತುವಲ್ಲ. ಮುಚ್ಚಿದ ಕೊಳವೆಯೊಳಗೆ ಅದು ಸುತ್ತುತ್ತಲೇ ಇರುತ್ತದೆ. ಒಳಗಿನ ಸುರುಳಿಯಲ್ಲಿ ಆವಿಯಾಗಿ ಕೋಣೆಯ ಶಾಖವನ್ನು ಹೀರುತ್ತದೆ, ಕಂಪ್ರೆಸರಿನಲ್ಲಿ ಒತ್ತಡಕ್ಕೊಳಗಾಗಿ ಹೊರಗಿನ ಸುರುಳಿಯಲ್ಲಿ ಆ ಶಾಖವನ್ನು ಬಿಟ್ಟು ದ್ರವವಾಗುತ್ತದೆ, ಕಿರಿದಾದ ಕವಾಟದ ಮೂಲಕ ಹಾದು ಮತ್ತೆ ಒಳಗೆ ಬರುತ್ತದೆ. ವ್ಯವಸ್ಥೆ ಸರಿಯಾಗಿದ್ದರೆ ಮೊದಲ ದಿನ ತುಂಬಿದ ಅನಿಲವೇ ಯಂತ್ರದ ಆಯುಷ್ಯ ಪೂರ್ತಿ ಸಾಕು. ಕಡಿಮೆಯಾಗಿದೆಯೆಂದರೆ ಎಲ್ಲೋ ಸೋರಿದೆ ಎಂದರ್ಥ. ಸೋರಿಕೆಯನ್ನು ಹುಡುಕದೆ ಮೇಲಿಂದ ಮೇಲೆ ತುಂಬಿಸುವುದು ತೂತು ಬಿಂದಿಗೆಗೆ ನೀರು ಹೊಯ್ದಂತೆ. ಕಡಿಮೆಯೇ ಆಗಿಲ್ಲದಾಗ ತುಂಬಿಸುವುದಂತೂ ಯಂತ್ರಕ್ಕೆ ಅಪಾಯವನ್ನು ಆಹ್ವಾನಿಸಿದಂತೆ.

ಮಿತ್ರರ ಕಚೇರಿಯಲ್ಲಿ ನಡೆದದ್ದು ಈ ಎರಡನೆಯದು. ಗುತ್ತಿಗೆದಾರರು ಕಳುಹಿಸಿದ್ದ ಯುವಕ ಮೆಕ್ಯಾನಿಕ್‌ನೊಂದಿಗೆ ನಾನು ಫಾಲ್ಸ್ ಸೀಲಿಂಗಿನ ಹಲಗೆ ತೆಗೆದು ನೋಡಿದೆ. ಒಳಗಿನ ಸುರುಳಿಯ ಮೇಲೆ ಬೆರಳು ದಪ್ಪ ಮಂಜುಗಡ್ಡೆ ಕಟ್ಟಿತ್ತು. ಫಿಲ್ಟರಿನ ಮೇಲೆ ಕಂಬಳಿಯಂತೆ ಧೂಳು ಹಾಸಿತ್ತು. ಅದಕ್ಕಿಂತ ಮುಖ್ಯವಾದ ಸಂಗತಿಯೊಂದಿತ್ತು. ಯುಗಾದಿಯ ಹೊತ್ತಿಗೆ ಕಡತಗಳನ್ನಿಡಲೆಂದು ಹೊಸದಾಗಿ ಎಬ್ಬಿಸಿದ್ದ ಮರದ ಗೋಡೆಯೊಂದು, ಕೋಣೆಯ ಗಾಳಿ ಯಂತ್ರಕ್ಕೆ ಹಿಂತಿರುಗುವ ದಾರಿಯನ್ನು ಮುಕ್ಕಾಲು ಭಾಗ ಮುಚ್ಚಿಬಿಟ್ಟಿತ್ತು. ಸುರುಳಿಯ ಮೇಲೆ ಸಾಕಷ್ಟು ಬೆಚ್ಚನೆಯ ಗಾಳಿ ಹರಿಯದಿದ್ದರೆ ಅದು ಸೊನ್ನೆ ಡಿಗ್ರಿಗಿಂತ ಕೆಳಗಿಳಿಯುತ್ತದೆ. ಗಾಳಿಯ ತೇವ ಅದರ ಮೇಲೆ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟಿದ ತೇವ ಇನ್ನಷ್ಟು ಗಾಳಿಯನ್ನು ತಡೆಯುತ್ತದೆ. ಆಗ ಕಂಪ್ರೆಸರಿಗೆ ಹಿಂತಿರುಗುವ ಅನಿಲದ ಒತ್ತಡ ಕುಸಿಯುತ್ತದೆ. ಒತ್ತಡದ ಮಾಪಕವೊಂದನ್ನೇ ನೋಡುವವನಿಗೆ ಇದು ಗ್ಯಾಸ್ ಕಡಿಮೆಯಾದಂತೆಯೇ ಕಾಣುತ್ತದೆ. ರೋಗ ಬೇರೆ, ಲಕ್ಷಣ ಒಂದೇ. ಹೆಚ್ಚುವರಿ ಅನಿಲ ತುಂಬಿದ್ದರಿಂದ ಕಂಪ್ರೆಸರ್ ಅತಿಯಾದ ಒತ್ತಡದಲ್ಲಿ ದುಡಿದು ಬಿಸಿಯಾಗುತ್ತಿತ್ತು. ಇನ್ನೊಂದು ತಿಂಗಳು ಕಳೆದಿದ್ದರೆ ಅಂದಾಜು ಪಟ್ಟಿಯ ಭವಿಷ್ಯವಾಣಿ ನಿಜವಾಗಿಯೇ ಬಿಡುತ್ತಿತ್ತು!

ಫಿಲ್ಟರ್ ತೊಳೆದು, ಮಂಜು ಕರಗಿಸಿ, ಹೆಚ್ಚುವರಿ ಅನಿಲವನ್ನು ಸಿಲಿಂಡರಿಗೆ ಹಿಂತೆಗೆದು, ಬಡಗಿಯನ್ನು ಕರೆಸಿ ಮರದ ಗೋಡೆಯಲ್ಲಿ ಜಾಲರಿ ಕೂರಿಸಿದ ಮೇಲೆ ಕಚೇರಿ ತಂಪಾಯಿತು. ಒಟ್ಟು ಖರ್ಚು ಬಡಗಿಯ ಅರ್ಧ ದಿನದ ಕೂಲಿ ಮತ್ತು ಜಾಲರಿಯ ಬೆಲೆ. ಕೆಳಗಿಳಿಯುವಾಗ ನಾನು ಆ ಯುವಕನನ್ನು, “ಮೊದಲೇ ಫಿಲ್ಟರ್ ಬಿಚ್ಚಿ ನೋಡಲಿಲ್ಲವೇಕೆ?” ಎಂದು ಕೇಳಿದೆ. ಅವನು ಸಂಕೋಚಪಡದೆ ಉತ್ತರಿಸಿದ: “ಸಾರ್, ನಂಗೆ ದಿನಕ್ಕೆ ಎಂಟು ಕಂಪ್ಲೇಂಟ್ ಕೊಡ್ತಾರೆ. ಫಿಲ್ಟರ್ ತೊಳೆದಿದ್ದಕ್ಕೆ ಬಿಲ್ ಹಾಕೋಕೆ ಆಗಲ್ಲ. ಗ್ಯಾಸ್ ಹಾಕಿದ್ರೆ ಬಿಲ್ ಆಗುತ್ತೆ.”

ಈ ಮಾತನ್ನು ಅಪ್ರಾಮಾಣಿಕತೆಯೆಂದು ತಳ್ಳಿಹಾಕುವುದು ಸುಲಭ. ಆದರೆ ಅವನು ಹೇಳಿದ್ದು ನಾವೇ ಕಟ್ಟಿದ ವ್ಯವಸ್ಥೆಯ ವರದಿಯಲ್ಲದೆ ಬೇರೇನೂ ಅಲ್ಲ. ವಾರ್ಷಿಕ ನಿರ್ವಹಣಾ ಗುತ್ತಿಗೆಯನ್ನು ನಾವು ಕನಿಷ್ಠ ದರ ನಮೂದಿಸಿದವರಿಗೆ ಕೊಡುತ್ತೇವೆ. ಆ ದರದಲ್ಲಿ ತಿಂಗಳಿಗೊಮ್ಮೆ ಬಂದು ಎಲ್ಲವನ್ನೂ ಬಿಚ್ಚಿ ತೊಳೆದು ಅಳೆಯುವುದು ಅಸಾಧ್ಯವೆಂಬುದು ಕೊಟ್ಟವರಿಗೂ ಗೊತ್ತು, ಪಡೆದವರಿಗೂ ಗೊತ್ತು. ಗುತ್ತಿಗೆದಾರ ತನ್ನ ನಷ್ಟವನ್ನು ಬಿಡಿಭಾಗ ಮತ್ತು ಗ್ಯಾಸ್‌ನಲ್ಲಿ ತುಂಬಿಕೊಳ್ಳುತ್ತಾನೆ. ಹೀಗೆ ಯಂತ್ರ ಕೆಡದಂತೆ ನೋಡಿಕೊಳ್ಳುವವನಿಗೆ ಪ್ರತಿಫಲವಿಲ್ಲ, ಕೆಟ್ಟ ಮೇಲೆ ಬರುವವನಿಗೆ ಮಾತ್ರ ಇದೆ.

ಹವಾನಿಯಂತ್ರಣ ಹುಟ್ಟಿದ್ದು ಜನರನ್ನು ತಣಿಸಲಿಕ್ಕಲ್ಲ ಎಂಬುದು ಪತ್ರಿಕೆಯ ಓದುಗರಿಗೆ ಕುತೂಹಲದ ಸಂಗತಿಯಾಗಬಹುದು. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಮುದ್ರಣಾಲಯವೊಂದರಲ್ಲಿ ಗಾಳಿಯ ತೇವದಿಂದ ಕಾಗದ ಹಿಗ್ಗಿ ಕುಗ್ಗಿ, ಒಂದರ ಮೇಲೊಂದು ಅಚ್ಚಾಗಬೇಕಾದ ಬಣ್ಣಗಳು ಸರಿಯಾಗಿ ಕೂರುತ್ತಿರಲಿಲ್ಲ. ಆ ತೇವವನ್ನು ಹಿಡಿತದಲ್ಲಿಡಲು ವಿಲ್ಲಿಸ್ ಕ್ಯಾರಿಯರ್ ಎಂಬ ಯುವ ಇಂಜಿನಿಯರ್ ರೂಪಿಸಿದ ವ್ಯವಸ್ಥೆಯೇ ಆಧುನಿಕ ಹವಾನಿಯಂತ್ರಣದ ಮೊದಲ ರೂಪ. ಅಲ್ಲಿ ಮೊದಲಿನಿಂದಲೂ ಪ್ರಶ್ನೆಯಿದ್ದದ್ದು ಅಳತೆಯದು. ಎಷ್ಟು ಉಷ್ಣತೆ, ಎಷ್ಟು ತೇವ, ಎಷ್ಟು ಗಾಳಿ? ಇಂದು ನಾವು ಅಳೆಯುವುದನ್ನು ಬಿಟ್ಟು, ‘ತಂಪಾಗುತ್ತಿದೆಯೇ ಇಲ್ಲವೇ’ ಎಂಬ ಒಂದೇ ಪ್ರಶ್ನೆಗೆ ಇಳಿದಿದ್ದೇವೆ.

ದೋಷ ಹುಡುಕುವ ವಿದ್ಯೆಯಲ್ಲಿ ರಹಸ್ಯವೇನೂ ಇಲ್ಲ. ಒಳ್ಳೆಯ ವೈದ್ಯರು ಔಷಧಿಗೆ ಮುನ್ನ ರೋಗಿಯ ಪೂರ್ವವೃತ್ತಾಂತ ಕೇಳುವಂತೆ, ‘ಇತ್ತೀಚೆಗೆ ಇಲ್ಲಿ ಏನು ಬದಲಾಯಿತು?’ ಎಂದು ಮೊದಲು ಕೇಳಬೇಕು. ಹೊಸ ಗೋಡೆ, ಹೊಸ ಕಂಪ್ಯೂಟರುಗಳು, ಪಕ್ಕದ ರಸ್ತೆ ಅಗೆತದ ಧೂಳು, ಯಾವುದೂ ಕಾರಣವಾಗಬಹುದು. ಬಳಿಕ ಖರ್ಚಿಲ್ಲದ್ದನ್ನು ಮೊದಲು ಪರೀಕ್ಷಿಸಬೇಕು. ಫಿಲ್ಟರ್, ಬೆಲ್ಟಿನ ಬಿಗಿತ, ನೀರು ಹೊರಹೋಗುವ ಕೊಳವೆ, ಹೊರಗಿನ ಸುರುಳಿಯ ಕೊಳೆ, ವಿದ್ಯುತ್ತಿನ ವೋಲ್ಟೇಜ್. ಹೊರಹೋಗುವ ಮತ್ತು ಹಿಂತಿರುಗುವ ಗಾಳಿಯ ಉಷ್ಣತೆಗಳ ನಡುವೆ ಸಾಮಾನ್ಯವಾಗಿ 8ರಿಂದ 11 ಡಿಗ್ರಿ ಅಂತರವಿರಬೇಕು. ಒಂದು ಉಷ್ಣಮಾಪಕವಿದ್ದರೆ ಕಚೇರಿಯ ಸಹಾಯಕರೂ ಇದನ್ನು ಬರೆದಿಡಬಹುದು. ಇಷ್ಟಾದ ಮೇಲಷ್ಟೇ ಅನಿಲದ ಕೊಳವೆಗೆ ಕೈಹಾಕಬೇಕು. ಅದು ನಿಜಕ್ಕೂ ಸೋರಿದ್ದರೆ ನೈಟ್ರೋಜನ್ ತುಂಬಿ, ಸಾಬೂನಿನ ನೊರೆ ಹಚ್ಚಿ ಸೋರುವ ಜಾಗವನ್ನು ಕಂಡುಹಿಡಿದು ಬೆಸೆದು, ಕೊಳವೆಯನ್ನು ನಿರ್ವಾತಗೊಳಿಸಿ, ತಯಾರಕರು ಹೇಳಿದ ತೂಕದಷ್ಟೇ ಅನಿಲವನ್ನು ತೂಗಿ ತುಂಬಬೇಕು. ಪ್ರತಿಯೊಂದನ್ನೂ ದಾಖಲೆ ಪುಸ್ತಕದಲ್ಲಿ ಬರೆಯಬೇಕು. ಮಿತ್ರರ ಕಚೇರಿಯಲ್ಲಿ ಅಂಥ ಪುಸ್ತಕವೇ ಇರಲಿಲ್ಲ. ಆದ್ದರಿಂದಲೇ ಮೂರನೆಯ ಬಾರಿ ಬಂದವನಿಗೆ ಮೊದಲ ಎರಡು ಬಾರಿ ಎಷ್ಟು ತುಂಬಿಸಿದ್ದರೆಂಬುದು ತಿಳಿದಿರಲಿಲ್ಲ.

ಇದು ಒಬ್ಬರ ಕಚೇರಿಯ ಖರ್ಚುವೆಚ್ಚದ ಮಾತಾಗಿದ್ದರೆ ಈ ಅಂಕಣದ ಜಾಗವನ್ನು ನಾನು ಬೇಡುತ್ತಿರಲಿಲ್ಲ. ಇಂದು ವ್ಯಾಪಕವಾಗಿ ಬಳಕೆಯಲ್ಲಿರುವ ಆರ್-410ಎ ಎಂಬ ಶೀತಕದ ಒಂದು ಕಿಲೋಗ್ರಾಂ ಗಾಳಿಗೆ ಸೇರಿದರೆ, ಭೂಮಿಯನ್ನು ಬಿಸಿಮಾಡುವಲ್ಲಿ ಅದು ನೂರು ವರ್ಷದ ಲೆಕ್ಕದಲ್ಲಿ ಸುಮಾರು ಎರಡು ಟನ್ ಇಂಗಾಲದ ಡೈಆಕ್ಸೈಡಿಗೆ ಸಮ. ಸುಮಾರು 900 ಲೀಟರ್ ಪೆಟ್ರೋಲ್ ಉರಿಸಿದಾಗ ಹೊಮ್ಮುವಷ್ಟು! ಓಜೋನ್ ಪದರದ ರಕ್ಷಣೆಗೆಂದು 1987ರಲ್ಲಿ ಆದ ಮಾಂಟ್ರಿಯಲ್ ಒಪ್ಪಂದಕ್ಕೆ 2016ರಲ್ಲಿ ಕಿಗಾಲಿಯಲ್ಲಿ ತಿದ್ದುಪಡಿ ತಂದದ್ದು ಇಂಥ ಅನಿಲಗಳನ್ನು ತಗ್ಗಿಸಲೆಂದೇ. ಭಾರತ 2021ರಲ್ಲಿ ಆ ತಿದ್ದುಪಡಿಯನ್ನು ಅನುಮೋದಿಸಿ, 2032ರಿಂದ ಹಂತಹಂತವಾಗಿ ಕಡಿತಗೊಳಿಸುತ್ತಾ 2047ರ ವೇಳೆಗೆ ಶೇ 85ರಷ್ಟು ಇಳಿಸುವುದಾಗಿ ಒಪ್ಪಿದೆ. ದೆಹಲಿಯಲ್ಲಿ ಒಪ್ಪಂದಕ್ಕೆ ಸಹಿ ಬಿದ್ದರೆ ಸಾಲದು. ಅದು ಜಾರಿಯಾಗಬೇಕಾದದ್ದು ನಾಲ್ಕನೆಯ ಮಹಡಿಯ ಫಾಲ್ಸ್ ಸೀಲಿಂಗಿನೊಳಗೆ, ಆ ಯುವಕನ ಕೈಯಲ್ಲಿ.

ನೀರಿನ ಲೆಕ್ಕವೂ ಕಡಿಮೆಯದಲ್ಲ. ದೊಡ್ಡ ಕಟ್ಟಡಗಳ ಚಿಲ್ಲರ್ ಸ್ಥಾವರಗಳು ಕಟ್ಟಡದ ಶಾಖವನ್ನು ತಾರಸಿಯ ಶೀತಲ ಗೋಪುರಗಳಲ್ಲಿ ನೀರನ್ನು ಆವಿಯಾಗಿಸಿ ಹೊರಹಾಕುತ್ತವೆ. ಒಂದು ಟನ್ ಶೈತ್ಯಕ್ಕೆ ಗಂಟೆಗೆ ಸುಮಾರು ಆರು ಲೀಟರ್ ನೀರು ಆವಿಯಾಗುತ್ತದೆ. 500 ಟನ್ನಿನ ಸ್ಥಾವರ ಪೂರ್ಣ ಹೊರೆಯಲ್ಲಿ ಹತ್ತು ಗಂಟೆ ನಡೆದರೆ 30,000 ಲೀಟರ್. ಲವಣ ಸಾಂದ್ರವಾಗದಂತೆ ಹೊರಬಿಡುವ ನೀರು ಇದರ ಮೇಲೆ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ, ಕಾರು ತೊಳೆಯಲು ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ವಿಧಿಸುವುದಾಗಿ ಹೇಳಿದ್ದು ನಮಗೆಲ್ಲ ನೆನಪಿದೆ. ಕಾರು ತೊಳೆಯುವ ಬಕೆಟ್ಟು ಕಣ್ಣಿಗೆ ಕಾಣುತ್ತದೆ, ತಾರಸಿಯಿಂದ ಮೇಲೇರುವ ಆವಿ ಕಾಣುವುದಿಲ್ಲ. ಶುದ್ಧೀಕರಿಸಿದ ತ್ಯಾಜ್ಯ ನೀರನ್ನು ಈ ಗೋಪುರಗಳಿಗೆ ಬಳಸುವುದು ಖಂಡಿತ ಸಾಧ್ಯ. ಆದರೆ ಅದರ ಗಡಸುತನ ಮತ್ತು ಜೀವಾಣುಗಳ ಮೇಲೆ ನಿತ್ಯ ನಿಗಾ ಇರಬೇಕು. ಅಂದರೆ ಮತ್ತೆ ನಿರ್ವಹಣೆ.

ಆ ನಿಗಾ ತಪ್ಪಿದರೆ ಏನಾಗುತ್ತದೆಂಬುದಕ್ಕೆ ಉದಾಹರಣೆಗಳಿವೆ. 1976ರ ಜುಲೈನಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ನಡೆದ ಮಾಜಿ ಯೋಧರ ಸಮಾವೇಶದಿಂದ ಮರಳಿದವರಲ್ಲಿ ವಿಚಿತ್ರ ನ್ಯುಮೋನಿಯಾ ಕಾಣಿಸಿಕೊಂಡು ಸುಮಾರು ಮೂವತ್ತು ಮಂದಿ ಸತ್ತರು. ಮುಂದಿನ ವರ್ಷ ಪತ್ತೆಯಾದ ‘ಲೀಜಿಯೊನೆಲ್ಲಾ’ ಬ್ಯಾಕ್ಟೀರಿಯಾ ಬೆಚ್ಚಗಿನ, ಕೊಳೆ ನಿಂತ ನೀರಿನಲ್ಲಿ ಬೆಳೆದು, ತುಂತುರಿನ ಮೂಲಕ ಶ್ವಾಸಕೋಶ ಸೇರುತ್ತದೆ. 2015ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಶೀತಲ ಗೋಪುರವೊಂದರಿಂದಲೇ ಇದು ಹರಡಿ ಹತ್ತಕ್ಕೂ ಹೆಚ್ಚು ಮಂದಿ ಬಲಿಯಾದಾಗ, ನಗರಾಡಳಿತ ಪ್ರತಿಯೊಂದು ಗೋಪುರವನ್ನೂ ನೋಂದಾಯಿಸಿ ನಿಯತವಾಗಿ ಪರೀಕ್ಷಿಸಬೇಕೆಂದು ಅದೇ ವರ್ಷ ಕಾನೂನು ಮಾಡಿತು. ನಮ್ಮ ಆಸ್ಪತ್ರೆ, ಹೋಟೆಲು, ಮಾಲ್‌ಗಳ ತಾರಸಿಗಳ ಮೇಲೂ ಅದೇ ಬಗೆಯ ಗೋಪುರಗಳಿವೆ, ಅದೇ ಬಗೆಯ ನೀರಿದೆ. ಅವುಗಳ ಪಟ್ಟಿಯೊಂದನ್ನು ಸಿದ್ಧಪಡಿಸಿ ಪರೀಕ್ಷೆಗೊಳಪಡಿಸಲು ನಾವೂ ಒಂದು ದುರಂತಕ್ಕಾಗಿ ಕಾಯಬೇಕೇ?

ಇನ್ನು ಆ ಯುವಕನ ಮಾತಿಗೆ ಬರೋಣ. ಅಂದು ಹೊರಗಿನ ಘಟಕವನ್ನು ನೋಡಲು ಅವನು ಕಿಟಕಿಯಿಂದ ದಾಟಿ ಒಂದೂವರೆ ಅಡಿ ಅಗಲದ ಸಜ್ಜೆಯ ಮೇಲೆ ನಿಂತ. ಸೊಂಟಕ್ಕೆ ಪಟ್ಟಿಯಿಲ್ಲ, ಹಿಡಿಯಲು ಸರಳಿಲ್ಲ, ಕೆಳಗೆ ನಾಲ್ಕು ಮಹಡಿಯ ಆಳ. ನಾನು ಬೇಡವೆಂದಾಗ, “ದಿನಾ ಇದೇ ಸಾರ್” ಎಂದು ನಕ್ಕ. ಕಟ್ಟಡದ ನಕ್ಷೆ ಬರೆದವರು ಆ ಘಟಕಕ್ಕೆ ಜಾಗ ಮಾಡಿದ್ದರು, ಅದನ್ನು ದುರಸ್ತಿ ಮಾಡುವ ಮನುಷ್ಯನಿಗೆ ಮಾಡಿರಲಿಲ್ಲ. ವಿದ್ಯುತ್ ಕಡಿದ ಮೇಲೂ ಕೆಪಾಸಿಟರಿನಲ್ಲಿ ಉಳಿಯುವ ಆಘಾತ, ನೈಟ್ರೋಜನ್ ಬದಲು ಆಮ್ಲಜನಕ ತುಂಬಿ ಸೋರಿಕೆ ಪರೀಕ್ಷಿಸುವವರಿಗೆ ಕಾದಿರುವ ಸ್ಫೋಟ, ಇವೆಲ್ಲ ಈ ವೃತ್ತಿಯ ನಿತ್ಯದ ಅಪಾಯಗಳು. ಭೂಮಿಗೆ ಹಿತವೆಂದು ಈಗ ಬರುತ್ತಿರುವ ಆರ್-32, ಪ್ರೊಪೇನ್ ಮುಂತಾದ ಶೀತಕಗಳು ಹೊತ್ತಿಕೊಳ್ಳುವ ಗುಣದವು. ತರಬೇತಿಯಿಲ್ಲದ ಕೈಗೆ ಅವನ್ನು ಕೊಡುವುದು ಸಲ್ಲದು. 2019ರ ಭಾರತ ತಂಪುಗೊಳಿಸುವಿಕೆ ಕ್ರಿಯಾಯೋಜನೆ ಒಂದು ಲಕ್ಷ ತಂತ್ರಜ್ಞರಿಗೆ ತರಬೇತಿ ಮತ್ತು ಪ್ರಮಾಣಪತ್ರ ನೀಡುವ ಗುರಿಯನ್ನು ಹೇಳಿತ್ತು. ಪ್ರಮಾಣಪತ್ರವಿದ್ದವನಿಗೇ ಕೆಲಸ ಕೊಡುತ್ತೇವೆ, ಅದಕ್ಕೆ ತಕ್ಕ ಕೂಲಿಯನ್ನೂ ಕೊಡುತ್ತೇವೆ ಎಂದು ಕೆಲಸ ಕೊಡುವ ನಾವು ಹೇಳದ ಹೊರತು ಅಂಥ ಗುರಿಗಳಿಗೆ ಅರ್ಥ ಬಾರದು.

ಪರಿಹಾರಗಳು ದುಬಾರಿಯಲ್ಲ. ನಿರ್ವಹಣಾ ಗುತ್ತಿಗೆಯಲ್ಲಿ ಮಾಡಬೇಕಾದ ಕೆಲಸಗಳನ್ನು ಒಂದೊಂದಾಗಿ ನಮೂದಿಸಿ, ತೊಳೆಯುವುದಕ್ಕೂ ಅಳೆಯುವುದಕ್ಕೂ ಪ್ರತ್ಯೇಕ ದರ ನಿಗದಿಪಡಿಸಲಿ. ಸೋರಿಕೆಯ ಜಾಗ ತೋರಿಸದೆ ಅನಿಲ ತುಂಬಿದ ಬಿಲ್ಲಿಗೆ ಹಣ ಸಂದಾಯವಾಗದಿರಲಿ. ಪ್ರತಿ ಸ್ಥಾವರದ ಬಳಿ ದಾಖಲೆ ಪುಸ್ತಕವಿರಲಿ, ಅದಕ್ಕೆ ಕಚೇರಿಯ ಜವಾಬ್ದಾರಿಯುತ ವ್ಯಕ್ತಿ ತಿಂಗಳಿಗೊಮ್ಮೆ ಸಹಿ ಹಾಕಲಿ. ಶೀತಲ ಗೋಪುರಗಳನ್ನು ನಗರಪಾಲಿಕೆಗಳು ನೋಂದಾಯಿಸಲಿ. ಹೊರಗಿನ ಘಟಕಕ್ಕೆ ಸುರಕ್ಷಿತ ನಡೆದಾರಿಯಿಲ್ಲದ ವಾಣಿಜ್ಯ ಕಟ್ಟಡದ ನಕ್ಷೆಗೆ ಮಂಜೂರಾತಿ ಸಿಗದಿರಲಿ.

ನಮ್ಮ ನಾಡಿಗೆ ಇದು ಹೊಸ ಪಾಠವೇನೂ ಅಲ್ಲ. ಕೆರೆ ಕಟ್ಟಿಸಿದ ಹಿರಿಯರು ಅದರ ನಿರ್ವಹಣೆಗೆಂದು ‘ಬಿತ್ತುವಟ್ಟ’ ಬಿಟ್ಟುಕೊಟ್ಟದ್ದನ್ನು ಕರ್ನಾಟಕದ ಶಾಸನಗಳು ಹೇಳುತ್ತವೆ. ತೂಬು ನೋಡಿಕೊಳ್ಳುವ ನೀರುಗಂಟಿಗೆ ಊರು ತನ್ನ ಬೆಳೆಯಲ್ಲಿ ಪಾಲು ಕೊಡುತ್ತಿತ್ತು. ಕಟ್ಟುವುದರಷ್ಟೇ ಕಾಯುವುದಕ್ಕೂ ಸಂಪನ್ಮೂಲ ಮೀಸಲಿಡಬೇಕೆಂಬ ವಿವೇಕ ಅದು. ಈಗ ಯಂತ್ರ ಕೊಳ್ಳುವಾಗ ಲಕ್ಷಗಳನ್ನು ಲೆಕ್ಕಿಸದ ನಾವು, ಅದನ್ನು ಕಾಯುವವನ ಕೂಲಿಯಲ್ಲಿ ನೂರು ರೂಪಾಯಿ ಉಳಿಸಿ ಬೀಗುತ್ತೇವೆ.

ಮಿತ್ರರ ಕಚೇರಿಯ ಹೊಸ ಗುತ್ತಿಗೆಯಲ್ಲಿ ಫಿಲ್ಟರ್ ತೊಳೆಯುವುದಕ್ಕೆ ಈಗ ಪ್ರತ್ಯೇಕ ದರವಿದೆ. ಅದೇ ಯುವಕ ತಿಂಗಳಿಗೊಮ್ಮೆ ಬಂದು, ಅಳೆದು, ಪುಸ್ತಕದಲ್ಲಿ ಬರೆದು ಹೋಗುತ್ತಾನಂತೆ. ಆಮೇಲೆ ಅಲ್ಲಿ ಗ್ಯಾಸ್ ತುಂಬಿಸಿಲ್ಲ. ಸಜ್ಜೆಗೆ ಸರಳು ಹಾಕಿಸುವುದು ಮಾತ್ರ ಇನ್ನೂ ಬಾಕಿಯಿದೆ. ಕಟ್ಟಡದ ಮಾಲೀಕರು ಮುಂದಿನ ವರ್ಷ ನೋಡೋಣ ಎಂದಿದ್ದಾರಂತೆ.