ಅಂಕ ಕೇಳುವ ಮುನ್ನ

ಅಕ್ಕಲಕೋಟೆ ತಾಲೂಕಿನ ನಮ್ಮೂರ ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ ಮುಗಿಸಿ ಮರಾಠಿ ಶಾಲೆಗೆ ಸೇರಿದ ವರ್ಷ, ಮೊದಲ ಚಾಚಣಿಯಲ್ಲಿ ‘ಉತಾರಾ ವಾಚೂನ್ ಉತ್ತರೇ ಲಿಹಾ’ ಎಂಬ ಪ್ರಶ್ನೆ ಬಂದಿತು. ನಾನು ಬಲ್ಲ ಉತಾರೆ ಒಂದೇ: ಅಪ್ಪ ತಲಾಠಿಯಿಂದ ತರುತ್ತಿದ್ದ ಹೊಲದ ಸಾತ್‌ಬಾರಾ. ಓದಲು ಕೊಟ್ಟ ಗದ್ಯಭಾಗಕ್ಕೂ ಅದೇ ಹೆಸರೆಂದು ಯಾರೂ ಹೇಳಿರಲಿಲ್ಲ. ಕೆಳಗಿದ್ದ ಕಥೆ ನನಗೆ ತಿಳಿಯುವಂಥದೇ. ಆದರೂ ಬೆವರುತ್ತ ಖಾಲಿ ಹಾಳೆ ಕೊಟ್ಟುಬಂದೆ. ಮುಂದಿನ ಚಾಚಣಿಯ ದಿನ ಬೆಳಿಗ್ಗೆ ಹೊಟ್ಟೆನೋವು. ಮನೆಯವರು ಅದನ್ನು ಸೋಗು ಎಂದರು.

ಇದು ನೆನಪಾದದ್ದು ಕಳೆದ ತಿಂಗಳು ಪಾಲಕರೊಬ್ಬರು ಬಂದಾಗ. ಐದನೆಯ ತರಗತಿಯ ಮಗಳು ಪರೀಕ್ಷೆಯೆಂದರೆ ಊಟ ಬಿಡುತ್ತಾಳೆ. ಇನ್ನೊಂದು ಶಿಕವಣಿ ಹಚ್ಚಲೇ, ಕನ್ನಡ ಮಾಧ್ಯಮವನ್ನೇ ಬಿಡಿಸಲೇ ಎಂದು ಕೇಳಿದರು. ಎರಡೂ ಬೇಡವೆಂದೆ. ಹುಡುಗಿಯಿಂದ ಹಳೆಯ ಮರಾಠಿ ಪತ್ರಿಕೆಯ ಪ್ರಶ್ನೆಗಳನ್ನಷ್ಟೇ ಓದಿಸಿದೆ, ಉತ್ತರ ಕೇಳಲಿಲ್ಲ. ‘ಇದು ಏನ್ ಕೇಳಾಕತ್ತೈತಿ, ನಿನ್ನ ಮಾತಿನಾಗ ಹೇಳವ್ವಾ’ ಎಂದೆ. ‘ಕಂಸಾತೀಲ ಶಬ್ದ’ ಎಂಬಲ್ಲಿ ನಿಂತುಬಿಟ್ಟಳು. ಆವರಣಚಿಹ್ನೆಗೆ ಮರಾಠಿಯಲ್ಲಿ ಕಂಸವೆನ್ನುತ್ತಾರೆ. ಅವಳಿಗೆ ಗೊತ್ತಿದ್ದ ಕಂಸ ಕೃಷ್ಣನ ಸೋದರಮಾವ. ತುಂಬಬೇಕಾದ ಪದಗಳೆಲ್ಲ ಅವಳಿಗೆ ಬರುತ್ತಿದ್ದವು.

ನಮ್ಮ ಗಡಿಭಾಗದ ಮಕ್ಕಳ ಪರೀಕ್ಷಾಭಯದಲ್ಲಿ ದೊಡ್ಡ ಪಾಲು ಇಂಥದ್ದೆಂದು ನನ್ನ ಅಭಿಪ್ರಾಯ. ಮನೆಮಾತು, ಪುಸ್ತಕದ ಕನ್ನಡ, ಮರಾಠಿ, ಇಂಗ್ಲಿಷು ಇವುಗಳ ನಡುವೆ ಎಡವಿದ ಮಗು ತಾನು ದಡ್ಡನೆಂದುಕೊಳ್ಳುತ್ತದೆ. ನಾವಾದರೋ ಹೊಸ್ತಿಲಲ್ಲೇ ‘ಎಷ್ಟು ಮಾರ್ಕು ಬಿದ್ದಾವ’ ಎನ್ನುತ್ತೇವೆ. ನನ್ನ ಮಗನಿಗೆ ನಾನೂ ವರ್ಷಗಟ್ಟಲೆ ಇದನ್ನೇ ಕೇಳಿದವನು, ಅದೂ ಅಧ್ಯಾಪಕನಾಗಿ. ಅವನು ಉತ್ತರಪತ್ರಿಕೆಗಳನ್ನು ಗಾದಿಯ ಕೆಳಗೆ ಬಚ್ಚಿಡುತ್ತಿದ್ದನೆಂದು ತಿಳಿದದ್ದು ಮನೆಗೆ ಸುಣ್ಣ ಬಳಿಯುವಾಗ.

ಐದು ಮತ್ತು ಎಂಟನೆಯ ತರಗತಿಗಳಲ್ಲಿ ನಾಪಾಸು ಮಾಡಬಹುದೆಂಬ ಮಾತು ಈಗ ಮಕ್ಕಳ ಕಿವಿಗೂ ಬಿದ್ದಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿ ರಾಜ್ಯಗಳಿಗೆ ಆ ಅವಕಾಶ ಕೊಟ್ಟಿರುವುದು ನಿಜ. ತಪ್ಪಿದ ಮಗುವಿಗೆ ಹೆಚ್ಚಿನ ಪಾಠ ಹೇಳಿ, ಫಲಿತಾಂಶದಿಂದ ಎರಡು ತಿಂಗಳೊಳಗೆ ಮರುಪರೀಕ್ಷೆಗೆ ಅವಕಾಶ ಕೊಡಬೇಕೆಂದೂ ಅದೇ ತಿದ್ದುಪಡಿ ಹೇಳುತ್ತದೆ. ಮೊದಲರ್ಧವನ್ನು ಬೆದರಿಕೆಗೆ ಬಳಸುವ ಹಿರಿಯರು ಎರಡನೆಯದನ್ನು ಮಗುವಿಗೆ ಹೇಳುವುದೇ ಇಲ್ಲ.

ನಮ್ಮ ವಿಭಾಗದ ವಿದ್ಯಾರ್ಥಿಗಳಲ್ಲಿ ಬಹುತೇಕರು ಈ ಶಾಲೆಗಳಿಂದಲೇ ಬಂದವರು, ಎರಡೂ ಭಾಷೆ ಬಲ್ಲವರು. ಊರಿಗೆ ಹೋದಾಗ ಓಣಿಯ ಮಕ್ಕಳೊಂದಿಗೆ ಒಂದು ಗಂಟೆ ಪ್ರಶ್ನೆಗಳನ್ನಷ್ಟೇ ಓದಲಿ.

ಆ ಹುಡುಗಿ ಈಗ ತಿಳಿಯದ ಪದಗಳನ್ನು ವಹಿಯ ಹಿಂಬದಿಯಲ್ಲಿ ಬರೆದಿಡುತ್ತಾಳೆ. ಭಯ ಪೂರ್ತಿ ಹೋಗಿಲ್ಲ. ಮೊನ್ನೆಯ ಚಾಚಣಿಗೆ ಅರ್ಧ ರೊಟ್ಟಿ ತಿಂದು ಹೋದಳಂತೆ.