ಹದ್ದಿನ ಹೆಸರು

ನಾರ್ವೆ ದೇಶದ ಟ್ರಾಂಡ್‌ಹೈಮ್ ನಗರದಲ್ಲಿ 1972ನೆಯ ಇಸವಿಯಲ್ಲಿ ಹೆಂಗಸರದೇ ಆದ ಒಂದು ಕಾಲ್ಚೆಂಡಾಟದ ಸಂಘವು ಹುಟ್ಟಿತು. ಸ್ತ್ರೀಯರ ಆಟವನ್ನು ಅಲ್ಲಿನ ರಾಷ್ಟ್ರೀಯ ಮಂಡಲಿಯು ಆಗಿನ್ನೂ ಅಂಗೀಕರಿಸಿರಲಿಲ್ಲ. ಟ್ರಾಂಡ್‌ಹೈಮ್ಸ್ ಓರ್ನ್ ಎಂದು ಹೆಸರಿಟ್ಟರು. ಓರ್ನ್ ಎಂದರೆ ಹದ್ದು. ನಮ್ಮವರಾಗಿದ್ದರೆ ಗರುಡನೆನ್ನುತ್ತಿದ್ದರೇನೋ! 1994ರಿಂದ 2003ರೊಳಗೆ ಈ ಹದ್ದು ದೇಶದ ಲೀಗ್ ಪಂದ್ಯಾವಳಿಯನ್ನು 7 ಬಾರಿ ಗೆದ್ದಿತು. 1995ರಲ್ಲಿ ನಾರ್ವೆಯು ವಿಶ್ವಕಪ್ಪನ್ನು ಪಡೆದಾಗ, ಎಲ್ಲರಿಗಿಂತ ಹೆಚ್ಚಾಗಿ 6 ಗೋಲು ಹೊಡೆದ ಆನ್ ಕ್ರಿಸ್ಟಿನ್ ಓರ್ಯೋನೆಸ್ ಈ ಗೂಡಿನವರೇ.

2020ರಲ್ಲಿ ಸಂಘವು ಅದೇ ಊರಿನ ಗಂಡಸರ ಪ್ರಸಿದ್ಧ ಸಂಘವಾದ ರೋಸೆನ್‌ಬೋರ್ಗಿನ ಹೆಸರನ್ನು ತಳೆಯಿತು. ದೊಡ್ಡ ಮನೆಯನ್ನು ಸೇರಿದವಳಿಗೆ ಅನ್ನವಸ್ತ್ರಗಳ ಚಿಂತೆ ಕಡಮೆಯಾದೀತು, ಒಪ್ಪುವೆವು. ಆದರೂ ಸೊಸೆಯ ಹೊಸ ಹೆಸರನ್ನು ತಟ್ಟೆಯ ಅಕ್ಕಿಯಲ್ಲಿ ಬರೆಯುವಾಗ ತವರಿನವರಿಗೆ ಆಗುವ ಸಂಕಟವೇ ನಮಗೂ ಆಯಿತು. 48 ವರ್ಷ ತಾನೇ ದುಡಿದು ಗಳಿಸಿದ್ದ ಹೆಸರು ಅದು.